ಸಮುದ್ರದ ಕಡೆಯ ಕೋಣೆ

ತ್ರಿಯೆಸ್ತೆ
ಮಾರ್ಚ್ ೧೧, ಮಂಗಳವಾರ

ಲಿವಿಯೋ,

ಹೇಗಿದ್ದೀಯ ಎಂದು ಕೇಳಿ ಶುರು ಮಾಡಬೇಕು. ಕೇಳಲು ಮನಸ್ಸಿಲ್ಲ. ಚೆನ್ನಾಗಿದ್ದೀಯ ಎಂದು ನನಗೆ ಗೊತ್ತಾಗಿದೆ. ಹೇಗೆ ಗೊತ್ತಾಯಿತು ಎನ್ನುವುದೇ ಈ ಪತ್ರದ ವಿಷಯ. ನೀನು ಮೊನ್ಫಾಲ್ಕೋನೆಗೆ ಹೋಗಿ ಬೇರೆ ಮನೆ ಮಾಡಿದ ಮೇಲೆ ನಾವಿಬ್ಬರೂ ಬರೆದುಕೊಂಡದ್ದು ಗ್ಯಾಸ್ ಸಂಪರ್ಕದ ಬಗ್ಗೆ, ನೀನು ಬಿಟ್ಟುಹೋದ ಚಳಿಗಾಲದ ಕೋಟಿನ ಬಗ್ಗೆ. ಇದು ಅಂಥದ್ದಲ್ಲ. ಕೂತುಕೊಂಡು ಓದು.

ಶನಿವಾರ ಮಧ್ಯಾಹ್ನ ನನ್ನ ಪಾಳಿ ಎಂದು ನಿನಗೆ ಗೊತ್ತು. ಗೊತ್ತಿದ್ದೇ ಆ ದಿನ ಆರಿಸಿದ್ದೀಯ.

ಔರಿಸಿನಾ ಹೋಟೆಲಿನ ರಿಸೆಪ್ಷನ್‌ನಲ್ಲಿ ಇಷ್ಟು ವರ್ಷ ನಿಂತವಳಿಗೆ ಒಳ್ಳೆಯ ಕೋಣೆಗಾಗಿ ಜನ ಆಡುವ ಆಟಗಳೆಲ್ಲ ಬಾಯಿಪಾಠ. ಮಿಲಾನಿನಿಂದ ಬರುವ ಒಬ್ಬರಿಗೆ ವರ್ಷಕ್ಕೆ ಮೂರು ಸಲ ಮದುವೆಯ ವಾರ್ಷಿಕೋತ್ಸವ. ವಿಯೆನ್ನಾದ ಒಬ್ಬ ಮುದುಕಿ, ಆಸ್ಟ್ರಿಯಾದ ಚಕ್ರವರ್ತಿಯ ಕಾಲದಲ್ಲಿ ತನ್ನ ಅಜ್ಜ ಇದೇ ಹೋಟೆಲಿನಲ್ಲಿ ಇಳಿದಿದ್ದರು ಎನ್ನುತ್ತಾಳೆ. ಅವರು ಇಳಿದಿದ್ದ ಕೋಣೆ ಪ್ರತಿ ಸಲ ಬದಲಾಗುತ್ತದೆ, ಪ್ರತಿ ಸಲವೂ ಅವಳು ಬುಕ್ ಮಾಡಿದ್ದಕ್ಕಿಂತ ದೊಡ್ಡದಾಗಿರುತ್ತದೆ. ಎಲ್ಲರಿಗೂ ಬೇಕಾದದ್ದು ಸಮುದ್ರದ ಕಡೆಯ ಕೋಣೆ. ಒಳಗಿನ ಅಂಗಳಕ್ಕೆ ಮುಖ ಮಾಡಿದ ಕೋಣೆಗಳನ್ನು ನಾವು ನೌಕರರು ‘ಬಾವಿ’ ಅನ್ನುತ್ತೇವೆ. ಕಿಟಕಿ ತೆಗೆದರೆ ಸುತ್ತ ಗೋಡೆ, ಕೆಳಗೆ ಅಡುಗೆಮನೆಯ ಹೊಗೆಗೊಳವೆ, ಮೇಲೆ ಕರವಸ್ತ್ರದಷ್ಟು ಆಕಾಶ. ಬಾವಿಯೇ ಬೇಕು ಎಂದು ಕೇಳಿದವರನ್ನು ನಾನು ಕಂಡಿರಲಿಲ್ಲ. ಹಾಗಾಗಿ ಮಾರ್ತಾ ಎಂಬವಳ ಹೆಸರಿನ ಬುಕಿಂಗ್‌ನಲ್ಲಿ ‘ದಯವಿಟ್ಟು ಸಮುದ್ರದ ಕಡೆ ಬೇಡ’ ಎಂದಿದ್ದನ್ನು ಓದಿ, ನಾನೂ ಪೋರ್ಟರ್ ಉಗೋನೂ ನಕ್ಕಿದ್ದೆವು. ಗಂಡನ ಕಣ್ಣು ತಪ್ಪಿಸಿ ಬರುವವಳಿರಬೇಕು ಅಂದಿದ್ದ ಉಗೋ.

ಅವಳು ಒಬ್ಬಳೇ ಒಳಗೆ ಬಂದಳು. ಗಂಡ ಕಾರು ನಿಲ್ಲಿಸಲು ಹೋಗಿದ್ದ. ಗೊರಿಜಿಯಾದ ಹುಡುಗಿ, ಶಾಲೆಯ ಟೀಚರಂತೆ, ಮಾತಾಡುವಾಗಲೂ ಎದುರಿಗಿದ್ದವರು ಹಿಂದಿನ ಬೆಂಚಿನಲ್ಲಿದ್ದಾರೆ ಎನ್ನುವಷ್ಟು ಸ್ಪಷ್ಟ. ಮದುವೆಯಾಗಿ ವಾರವಾಯಿತು, ಈ ಎರಡು ರಾತ್ರಿ ಒಬ್ಬ ಹಿರಿಯರ ಉಡುಗೊರೆ, ಒಳಗಿನ ಕೋಣೆ ಬೇಕೆಂದದ್ದು ತನ್ನ ಗಂಡ ಎಂದು ಕೇಳದೆಯೇ ಹೇಳಿದಳು. ಆಮೇಲೆ ದನಿ ತಗ್ಗಿಸಿ, ಸಮುದ್ರ ಕಾಣುವ ಕೋಣೆ ಏನಾದರೂ ಖಾಲಿ ಉಳಿದಿದ್ದರೆ ಅವರಿಗೆ ಗೊತ್ತಾಗದ ಹಾಗೆ ಕೊಡಲಾಗುತ್ತದೆಯೇ, ಆಶ್ಚರ್ಯಪಡಿಸಬೇಕು ಎಂದಳು. ಹೇಳುತ್ತಲೇ ಇಬ್ಬರ ಗುರುತಿನ ಚೀಟಿಯನ್ನೂ ಮುಂದಿಟ್ಟಳು.

ಎರಡನೆಯದರಲ್ಲಿದ್ದ ಹೆಸರು ಸಾಂದ್ರೋ ಗೆರ್ಮೆಕ್.

ಮೂರನೆಯ ಮಹಡಿಯ ಮೂಲೆಯ ಕೋಣೆ ಕೊಟ್ಟೆ ಲಿವಿಯೋ. ಎರಡು ದೊಡ್ಡ ಕಿಟಕಿ, ಒಂದು ಬಾಲ್ಕನಿ, ಹಾಸಿಗೆಯಲ್ಲಿ ಮಲಗಿದರೂ ಕೊಲ್ಲಿ ಪೂರ್ತಿ ಕಾಣುವ ಕೋಣೆ. ಹೆಚ್ಚಿನ ಬಾಡಿಗೆ ಬೇಡ, ಹೊಸ ಮದುಮಕ್ಕಳಿಗೆ ಹೋಟೆಲಿನ ಕಾಣಿಕೆ ಎಂದೆ. ಆ ಹುಡುಗಿ ಕೌಂಟರಿನ ಮೇಲೆ ಬಗ್ಗಿ ನನ್ನ ಕೆನ್ನೆಗೆ ಮುತ್ತಿಟ್ಟಳು. ಈ ಪತ್ರದಲ್ಲಿ ಇಲ್ಲಿಯವರೆಗೆ ಬಂದು, ಹಳೆಯದನ್ನೆಲ್ಲ ಮರೆತು ಒಳ್ಳೆಯ ಮನಸ್ಸಿನಿಂದ ಕೊಟ್ಟೆ ಎಂದು ಒಂದು ಸಲ ಬರೆದೆ. ಓದಲು ಚೆನ್ನಾಗಿತ್ತು. ಹರಿದು ಹಾಕಿದೆ. ನಮ್ಮ ಮಗನನ್ನು, ದಾರಿಯೋನನ್ನು ನುಂಗಿದ ನೀರನ್ನು ಅವನು ಎರಡು ದಿನ ನೋಡುತ್ತಾ ಕೂರಲಿ ಎಂದು ಕೊಟ್ಟೆ. ಇದು ನಿಜ.

ಸಾಂದ್ರೋ ಒಳಗೆ ಬಂದ. ಆರು ವರ್ಷದಲ್ಲಿ ತಲೆ ಮುಂದೆ ಬೋಳಾಗಿದೆ, ಭುಜ ಮಾತ್ರ ಅದೇ. ನಮ್ಮ ಅಡುಗೆಮನೆಯ ಮೇಜಿನ ಕೆಳಗೆ ದಾರಿಯೋನ ಜೊತೆ ಹಡಗಿನ ಆಟ ಆಡಿ ಬೆಳೆದ ಹುಡುಗ. ನನ್ನನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದ. ಈಗ ನೇರ ಬಂದು ನನ್ನ ಮುಂದೆ ನಿಂತ. ನನ್ನನ್ನು ಇಲ್ಲಿ ಕಂಡು ಬೆಚ್ಚಿಬೀಳಲಿಲ್ಲ. ನಾನು ಇಲ್ಲಿರುತ್ತೇನೆಂದು ಅವನಿಗೆ ಗೊತ್ತಿತ್ತು ಎನ್ನುವುದು ನನಗೆ ಆಗ ಹೊಳೆಯಲಿಲ್ಲ. ಬೇರೆಲ್ಲ ಅತಿಥಿಗಳಿಗೆ ಹೇಳುವ ದನಿಯಲ್ಲೇ, ಸ್ವಾಗತ ಗೆರ್ಮೆಕ್ ಅವರೇ, ನಿಮಗೆ ಇನ್ನೂ ಉತ್ತಮ ಕೋಣೆ ಕೊಟ್ಟಿದ್ದೇವೆ, ಸಮುದ್ರದ ಕಡೆ ಎಂದೆ. ಹೆಂಡತಿ ಅವನ ತೋಳು ಹಿಡಿದು ಪುಟ್ಟ ಮಗುವಿನ ಹಾಗೆ ಕುಣಿಯುತ್ತಿದ್ದಳು. ಅವನು ನನ್ನ ಮುಖ ನೋಡಿದ. ಯಾಕೆ ಕೊಟ್ಟೆ ಎಂದು ಅವನಿಗೆ ಅರ್ಥವಾಯಿತು. ಬೇಡ ಅನ್ನಲಿಲ್ಲ. “ಥ್ಯಾಂಕ್ಸ್, ಮೇಡಂ” ಎಂದು ಕೀಲಿ ತೆಗೆದುಕೊಂಡ.

ಭಾನುವಾರ ನನಗೆ ರಜೆ. ಆದರೂ ಹೋದೆ. ಬೆಳಗ್ಗೆ ಎದ್ದಾಗ ಬೋರಾ ಗಾಳಿ ಬೀಸುತ್ತಿತ್ತು, ನಿನ್ನ ಮೊನ್ಫಾಲ್ಕೋನೆಯಲ್ಲೂ ಬೀಸಿರಬೇಕು. ನಮ್ಮ ಬೀದಿಯಲ್ಲಿ ಸ್ಕೂಟರುಗಳೆಲ್ಲ ಮಕಾಡೆ ಮಲಗಿದ್ದವು. ಗಾಳಿಗೆ ಎದೆ ಕೊಟ್ಟು ನಡೆಯುತ್ತಾ ನಾನು ಯೋಚಿಸುತ್ತಿದ್ದದ್ದು ಒಂದೇ: ಗಾಳಿಯೂ ನನ್ನ ಪರವಾಗಿ ಬಂದಿದೆ. ಹೋಟೆಲಿನ ಮುಂದೆ ನೀರು ಬೆಳ್ಳಗೆ ಸೀಳಿಕೊಂಡು ದಡದಿಂದ ಆಚೆಗೆ, ಕೊಲ್ಲಿಯ ನಡುವಿಗೆ ಓಡುತ್ತಿತ್ತು. ದಾರಿಯೋ, ಸಾಂದ್ರೋ ಇಬ್ಬರ ದೋಣಿ ಮಗುಚಿದ ದಿನವೂ ಹೀಗೇ ಇತ್ತಲ್ಲ.

ತಿಂಡಿಯ ಹೊತ್ತು ಕಳೆದ ಮೇಲೆ ಮಾರ್ತಾ ಕೆಳಗೆ ಬಂದಳು. ಕೂದಲು ಬಾಚಿರಲಿಲ್ಲ. ಕೋಣೆ ತುಂಬ ಚೆನ್ನಾಗಿದೆ, ದಯವಿಟ್ಟು ತಪ್ಪು ತಿಳಿಯಬೇಡಿ, ಆದರೆ ಒಳಗಿನ ಕೋಣೆಗೆ ಬದಲಾಯಿಸಿಕೊಡುತ್ತೀರಾ ಎಂದು ಕೇಳಿದಳು. ಗಂಡ ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲವಂತೆ, ಕಾಫಿ ಲೋಟ ಹಿಡಿಯಲಾಗುತ್ತಿಲ್ಲವಂತೆ. ಹಿಂದೆ ಒಬ್ಬ ಗೆಳೆಯ ಸಮುದ್ರದಲ್ಲಿ ಹೋದ ಎಂದಷ್ಟೇ ಅವಳಿಗೆ ಹೇಳಿದ್ದಾನೆ. ಆ ಗೆಳೆಯನ ತಾಯಿ ಯಾರೆಂದು ಹೇಳಿಲ್ಲ. ತಾನೇ ಆಸೆಪಟ್ಟು ಈ ಕೋಣೆ ಕೇಳಿದೆನಲ್ಲ ಎಂದು ಅವಳ ಸಂಕಟ.

ಬಾವಿಯಲ್ಲಿ ಒಂದು ಕೋಣೆ ಖಾಲಿಯಿತ್ತು. ಅದರ ಕೀಲಿ ನನ್ನ ಬೆನ್ನ ಹಿಂದೆಯೇ ತೂಗುತ್ತಿತ್ತು. ಎಲ್ಲ ಭರ್ತಿಯಾಗಿವೆ ಎಂದೆ. ಪಕ್ಕದಲ್ಲಿದ್ದ ಉಗೋ ನನ್ನ ಕಡೆ ತಿರುಗಿ ನೋಡಿದ.

ಆ ಹುಡುಗಿ ಜಗಳವಾಡಿದ್ದರೆ, ಮ್ಯಾನೇಜರನ್ನು ಕರೆಯಿರಿ ಅಂದಿದ್ದರೆ, ಒಳಗೆ ಉರಿಯುತ್ತಿದ್ದದ್ದು ಇನ್ನಷ್ಟು ಉರಿದು ನನಗೇ ಹಿತವಾಗುತ್ತಿತ್ತೇನೋ. ಅವಳು ಹಾಗೆ ಮಾಡಲಿಲ್ಲ. ಕಣ್ಣೊರೆಸಿಕೊಂಡು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: “ನೀವು ಅಷ್ಟು ಪ್ರೀತಿಯಿಂದ ಕೊಟ್ರಿ. ಅವರಿಗೆ ಅದನ್ನ ಅನುಭವಿಸೋ ಯೋಗ ಇಲ್ಲ ನೋಡಿ. ನಿಮಗೆ ಬೇಜಾರಾಯ್ತಾ?”

ಅವಳು ಮೆಟ್ಟಿಲು ಹತ್ತಿ ಹೋದಳು. ನಾನು ಬಂದವರೊಬ್ಬರಿಗೆ ವಸ್ತುಸಂಗ್ರಹಾಲಯದ ದಾರಿ ಹೇಳಿದೆ, ಇನ್ಯಾರಿಗೋ ಟ್ಯಾಕ್ಸಿ ಕರೆದೆ. ಆಮೇಲೆ ಬೆನ್ನ ಹಿಂದಿನ ಕೀಲಿ ತೆಗೆದುಕೊಂಡು ಮೇಲೆ ಹೋದೆ.

ಬಾಗಿಲು ತೆಗೆದವಳು ಮಾರ್ತಾ. ಒಂದು ಕೋಣೆ ಖಾಲಿಯಾಯಿತು, ನಿಮ್ಮ ಸಾಮಾನು ಜೋಡಿಸಿಕೊಳ್ಳಿ, ಮೊದಲು ಕೆಳಗೆ ಹೋಗಿ ಒಂದು ಲೋಟ ಬಿಸಿ ಹಾಲು ಕುಡಿದು ಬಾ ಮಗಳೇ ಎಂದು ಅವಳನ್ನು ಕಳಿಸಿದೆ. ಒಳಗೆ ನೋಡಿದೆ. ಅವನು ಮಂಚದ ಮೇಲೆ ಹೊದ್ದು ಮಲಗಿರುತ್ತಾನೆ, ಕಿಟಕಿಯ ಬಾಗಿಲು ಹಾಕಿಕೊಂಡಿರುತ್ತಾನೆ ಎಂದುಕೊಂಡಿದ್ದೆ. ಎರಡೂ ಕಿಟಕಿ ತೆರೆದಿದ್ದವು. ಪರದೆಗಳು ಚಾವಣಿಯವರೆಗೆ ಹಾರುತ್ತಿದ್ದವು. ಅವನು ಕುರ್ಚಿಯನ್ನು ಕಿಟಕಿಗೆ ಎದುರಾಗಿ ಎಳೆದುಕೊಂಡು, ಎರಡೂ ಕೈಯಿಂದ ಅದರ ತೋಳು ಹಿಡಿದು, ಸಮುದ್ರವನ್ನೇ ನೋಡುತ್ತಾ ಕೂತಿದ್ದ. ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು.

ಹೋಗಿ ಕಿಟಕಿ ಮುಚ್ಚಿದೆ. ಇದೇನು ಹುಚ್ಚು ನಿನ್ನದು ಎಂದು ಗದರಿದೆ. ಅವನು ಕೂತಲ್ಲಿಂದಲೇ ಹೇಳಿದ, “ಲಿವಿಯೋ ಚಿಕ್ಕಪ್ಪ ಹೇಳಿ ಕಳ್ಸಿದ್ರು. ಅವಳ ಮುಂದೆ ಹೋಗಿ ನಿಂತ್ಕೋ, ಅವಳು ಏನು ಕೊಟ್ರೂ ತಗೋ ಅಂತ.”

ಹೀಗೆ ನಿನ್ನ ಹೆಸರು ಕೇಳಿದೆ. ಉಡುಗೊರೆ ಕೊಟ್ಟ ಹಿರಿಯರು ಯಾರೆಂದು ಆಗ ತಿಳಿಯಿತು. ಭಾನುವಾರಗಳಂದು ಅವನು ನಿನ್ನ ಮನೆಗೆ ಊಟಕ್ಕೆ ಬರುತ್ತಾನಂತೆ. ನೀನು ಜೋತಾ ಸೂಪು ಮಾಡುತ್ತೀಯಂತೆ, ಉಪ್ಪು ಯಾವಾಗಲೂ ಜಾಸ್ತಿಯಂತೆ. ಊಟ ಆದ ಮೇಲೆ ಇಬ್ಬರೂ ಮಾತಿಲ್ಲದೆ ಇಸ್ಪೀಟು ಆಡುತ್ತೀರಂತೆ. ನಮ್ಮ ಮನೆಯಲ್ಲಿ ಮೂವತ್ತು ವರ್ಷ ಒಲೆ ಹಚ್ಚಲು ಬಾರದಿದ್ದ ಗಂಡಸು ಅವನಿಗೆ ಬೀನ್ಸು, ಹುಳಿ ಎಲೆಕೋಸು ಬೇಯಿಸಿ ಹಾಕುತ್ತಾನೆ! ನನಗೆ ಎಂಥ ಸಿಟ್ಟು ಬಂತು ಗೊತ್ತೇ? ದಾರಿಯೋ ಹೋದ ಮೇಲೆ ನಾನು ಒಬ್ಬನೇ ಬದುಕಿ ಬಂದ ಸಾಂದ್ರೋನನ್ನು ಶಪಿಸುತ್ತಿದ್ದೆ, ನೀನು ಸುಮ್ಮನೆ ಕೂತಿರುತ್ತಿದ್ದೆ. ನಿನಗೆ ಅವನ ಮೇಲೆ ಸಿಟ್ಟೇ ಬರಲಿಲ್ಲ. ನಿನ್ನ ಪಾಲಿನದನ್ನೂ ನಾನೇ ಹೊತ್ತೆ. ನಮ್ಮ ಮನೆ ಮುರಿದದ್ದು ಮಗ ಹೋದದ್ದಕ್ಕಲ್ಲ, ಇದಕ್ಕೆ. ನಿನಗೂ ಅದು ಗೊತ್ತು.

ಆರು ವರ್ಷ ಯಾರನ್ನೂ ಕೇಳದ ಮಾತನ್ನು ಅವನನ್ನು ಕೇಳಿದೆ. ಹಾಸಿಗೆಯ ಅಂಚಿನಲ್ಲಿ ಕೂತು, ದಾರಿಯೋ ಕೊನೆಗೆ ಏನಂದ ಎಂದು ಕೇಳಿದೆ.

ಅವನು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. “ಚಳಿ ಅಂದ. ಅಷ್ಟೇ ಚಿಕ್ಕಮ್ಮ. ನಿಮ್ಮ ಹೆಸರು ಕರೆದ ಅಂತ ಹೇಳ್ಬಹುದು ನಾನು. ಎಷ್ಟೋ ಸಲ ಹಾಗೆ ಹೇಳೋಣ ಅಂತ ನಿಮ್ಮ ಬಾಗಿಲವರೆಗೂ ಬಂದಿದ್ದೆ. ಅವನು ಕರೀಲಿಲ್ಲ.”

ನೀರಿನಲ್ಲಿ ಕೈ ಕೈ ಹಿಡಿದುಕೊಂಡಿದ್ದಿರಲ್ಲ, ಬಿಟ್ಟದ್ದು ಯಾರು ಎಂದು ಕೇಳಿದೆ.

“ಗೊತ್ತಿಲ್ಲ. ಸತ್ಯವಾಗ್ಲೂ ಗೊತ್ತಿಲ್ಲ. ಕೈ ಮರಗಟ್ಟಿ ಹೋಗಿತ್ತು. ಹಿಡ್ಕೊಂಡಿದ್ದೀನಿ ಅಂತಲೇ ಅಂದ್ಕೊಂಡಿದ್ದೆ. ತಿರುಗಿ ನೋಡಿದ್ರೆ ಅವನಿರ್ಲಿಲ್ಲ.”

ನಾನು ಅಳಲಿಲ್ಲ, ಅವನೂ ಅಳಲಿಲ್ಲ. ಅವನು ಸುಳ್ಳು ಹೇಳಿದ್ದರೆ ನಾನು ಅದನ್ನು ಗಟ್ಟಿಯಾಗಿ ಅಪ್ಪಿಕೊಂಡು ಬದುಕಿಬಿಡುತ್ತಿದ್ದೆ, ಒಂದೆರಡು ವರ್ಷ. ಆಮೇಲೆ ಅದು ಸುಳ್ಳೆಂದು ನನಗೇ ಅನ್ನಿಸತೊಡಗುತ್ತಿತ್ತು. ಚಳಿ ಎಂಬ ಮಾತು ಮಾತ್ರ ನಮ್ಮ ದಾರಿಯೋನದೇ. ಸ್ನಾನದ ಮನೆಯಿಂದ ಹೊರಗೆ ಬರುವಾಗಲೆಲ್ಲ ಹಾಗೇ ಅನ್ನುತ್ತಿದ್ದ, ಬೇರೇನೂ ಅಲ್ಲ, ಆ ಒಂದು ಮಾತು, ದೂರು ಕೊಡುವ ಹಾಗೆ. ಅವನ ದನಿ ನನಗೆ ಮರೆತುಹೋಗುತ್ತಿದೆ ಎಂದು ಹೆದರಿದ್ದೆ. ಅದು ಬಂತು.

ಅವರ ಪೆಟ್ಟಿಗೆಯನ್ನು ನಾನೇ ಎತ್ತಿಕೊಂಡೆ. ಮೆಟ್ಟಿಲಲ್ಲಿ ಸಾಂದ್ರೋಗೆ ಉಗೋ ಬಂದು ಹೆಗಲು ಕೊಟ್ಟ. ಬಾವಿಯ ಕೋಣೆಯಲ್ಲಿ ಗಾಳಿಯ ಸದ್ದು ಇಲ್ಲ, ಅಡುಗೆಮನೆಯ ಪಾತ್ರೆಯ ಸದ್ದು ಮಾತ್ರ, ಈರುಳ್ಳಿ ಹುರಿಯುವ ವಾಸನೆ. ಸಾಂದ್ರೋ ಶೂ ಬಿಚ್ಚುವ ಮೊದಲೇ ನಿದ್ದೆಹೋದ. ಮಾರ್ತಾಗೆ ನಾನು ಯಾರೆಂದು ನಾನೇ ಹೇಳಿದೆ, ಕಾರಿಡಾರಿನಲ್ಲಿ ನಿಂತು. ಕೋಣೆ ಯಾಕೆ ಕೊಟ್ಟೆ ಎನ್ನುವುದನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳು. ಈ ಸಲ ಮುತ್ತಿಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದು ಸರಿಯೇ.

ನಿನ್ನೆ ಬೆಳಗ್ಗೆ ಹೊರಟರು. ಬೋರಾ ಇಳಿದಿತ್ತು. ಸಾಂದ್ರೋ ಕೌಂಟರಿಗೆ ಬಂದು ಕೀಲಿ ಕೊಟ್ಟ. ನಾನು ಕೈಕುಲುಕಿ ಕಳಿಸಿಕೊಟ್ಟೆ. ಎಲ್ಲ ಸರಿಯಾಗಿಯೇ ಮುಗಿಯಿತು.

ನಿನಗೆ ಹೇಳಬೇಕಾದದ್ದು ಇನ್ನೊಂದಿದೆ. ನೀನು ಅವನನ್ನು ಕಳಿಸಿದ್ದು ಸರಿಯೋ ತಪ್ಪೋ ನನಗೆ ತಿಳಿಯದು. ಆದರೆ ನನಗೆ ಒಂದು ಮಾತು ಹೇಳದೆ, ಹೊಸದಾಗಿ ಮದುವೆಯಾದ ಹುಡುಗಿಯ ಹೆಸರಿನಲ್ಲಿ, ನನ್ನ ಪಾಳಿ ನೋಡಿ ಕಳಿಸಿದ್ದು ತಪ್ಪು. ಆ ಹುಡುಗಿಗೆ ಏನಾಗಬಹುದೆಂದು ನೀನು ಯೋಚಿಸಲಿಲ್ಲ. ನಾನು ಏನು ಕೊಡುತ್ತೇನೆಂದೂ ನಿನಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನೀನೇ ಬಂದು ನನ್ನ ಮುಂದೆ ನಿಲ್ಲಬಹುದಿತ್ತು, ಲಿವಿಯೋ. ಮೊನ್ಫಾಲ್ಕೋನೆ ಏನು ಪರದೇಶವೇ? ಅಲ್ಲಿಂದ ರೈಲು ಹತ್ತಿದರೆ ಕಾಫಿ ಆರುವುದರೊಳಗೆ ಇಲ್ಲಿರುತ್ತೀಯ.

ಕೋಟು ಬ್ರಷ್ ಮಾಡಿ ಇಟ್ಟಿದ್ದೇನೆ. ಅಂಚೆಯಲ್ಲಿ ಕಳಿಸುವುದಿಲ್ಲ.

ನೇವಿಯಾ

ತಾ.ಕ.: ಕೈಕುಲುಕಿದೆ ಎಂದು ಮೇಲೆ ಬರೆದದ್ದು ಸುಳ್ಳು. ಅವನು ಕೀಲಿ ಕೊಟ್ಟು ಕೈ ಚಾಚಿದ. ಆ ಕೈ ನನ್ನ ಎದುರಿಗೆ, ಕೌಂಟರಿನ ಮೇಲೆ, ಹಾಗೇ ಇತ್ತು. ನಾನು ಫೋನ್ ಎತ್ತಿಕೊಂಡು, ಔರಿಸಿನಾ ಹೋಟೆಲ್, ಹೇಳಿ ಎಂದೆ. ಅವನು ಸ್ವಲ್ಪ ಹೊತ್ತು ಕಾದು, ತಲೆಯಾಡಿಸಿ ಹೊರಟುಹೋದ. ಮುಂದಿನ ಭಾನುವಾರ ಊಟಕ್ಕೆ ಬಂದಾಗ ಅವನಿಗೆ ಹೇಳು, ಆ ಫೋನ್ ರಿಂಗಾಗಿರಲಿಲ್ಲ. ಅವನಿಗೆ ಅದು ಗೊತ್ತೇ ಇರುತ್ತದೆ. ಆದರೂ ನಾನೇ ಹೇಳಿ ಕಳಿಸಿದೆ ಎಂದು ಹೇಳು.