ಸಂಪಿಗೆಯ ಬುಡದ ಮಣ್ಣು

ಮನೆ, ಹಿತ್ತಲ ಮೆಟ್ಟಿಲ ಮೇಲಿಂದ
ಜೂನ್ ೪, ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀಯ? ನಿನ್ನ ಅಕ್ಕನ ಮುರಿದ ಕಾಲು ಕೂಡಿಕೊಂಡಿತೇ? ಬಚ್ಚಲ ತನಕವಾದರೂ ನಡೆಯುತ್ತಾರೆಯೇ? ಅವರ ಸೇವೆಯಲ್ಲಿ ನಿನ್ನ ಬಿ.ಪಿ. ಮಾತ್ರೆ ಮರೆತಿಲ್ಲವಷ್ಟೆ? ನಾನು ಕ್ಷೇಮ. ಅಂದರೆ, ಸೊಂಟವೊಂದನ್ನು ಬಿಟ್ಟು ಉಳಿದ ಭಾಗವೆಲ್ಲ ಕ್ಷೇಮ. ಫೋನು ಮಾಡದೆ ಕಾಗದವೇಕೆ ಎಂದು ಕೇಳುತ್ತೀಯ. ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಊರೂರನ್ನೇ ನಂಬಿಸಿದ ಈ ಕಂಠ ನಿನ್ನೆದುರು ಮಾತ್ರ ಎರಡು ಮಾತಿಗೇ ಸಿಕ್ಕಿಬೀಳುತ್ತದೆ, ಅದಕ್ಕೆ.

ಕೇಳು ಮಹಾರಾಣಿ, ಹಿತ್ತಲ ವೃತ್ತಾಂತವನ್ನು. ಹೊರಡುವ ದಿನ ಸಂಪಿಗೆ ಮರದ ಕಾಂಡ ತಟ್ಟಿ ನೀನು ಹೇಳಿದ್ದು ಒಂದೇ ಮಾತು: "ವಾರಕ್ಕೆರಡು ಸಲ ನೀರು ಹಾಕಿ. ಬೇರೇನೂ ಮಾಡೋಕೆ ಹೋಗಬೇಡಿ." ಗೇಣುದ್ದದ ಸಸಿ ತಂದು ನೆಟ್ಟು, ಎಂಟು ವರ್ಷ ಹೂವಿಗಾಗಿ ಕಾದವಳು ನೀನು. ಅಂಥ ಮರವನ್ನು ನನ್ನ ಕೈಗೆ ಒಪ್ಪಿಸಿದೆ. ನಾನೇನು ಮಾಡಿದೆ? ನಾಯಕಿ ಹೀಗೆ ಬರೀ ನೆಲದ ಮೇಲೆ ನಿಂತರೆ ಹಿಂದಿನ ಸಾಲಿನವರಿಗೆ ಕಾಣುತ್ತಾಳೆಯೇ ಎಂದುಕೊಂಡೆ. ಗಾರೆ ಕೆಲಸದವನನ್ನು ಕರೆಸಿ, ಮರದ ಸುತ್ತ ಎರಡಡಿ ಎತ್ತರದ ಇಟ್ಟಿಗೆ ಕಟ್ಟೆ ಕಟ್ಟಿಸಿ, ಕಾಂಡಕ್ಕೆ ಒತ್ತುವಂತೆ ಮಣ್ಣು ತುಂಬಿಸಿದೆ. ನೀನು ಬಂದು ಅದರ ಮೇಲೆ ಕೂತಿರುವ ದೃಶ್ಯ ಕಣ್ಣಮುಂದೆ ಬಂದು, ನನಗೆ ನಾನೇ ಚಪ್ಪಾಳೆ ತಟ್ಟಿಕೊಂಡೆ.

ಮೂರು ವಾರಕ್ಕೆ ಎಲೆ ಹಳದಿಯಾಯಿತು. ಬಿಸಿಲಿನ ಕಾಟವೆಂದು ದಿನವೂ ನೀರು ಸುರಿದೆ. ವರ್ಷವಿಡೀ ಹಸಿರಾಗಿರುವ ಮರ ಬುಟ್ಟಿಗಟ್ಟಲೆ ಎಲೆ ಉದುರಿಸಿತು. ಮೊಗ್ಗುಗಳು ಕಂದಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದವು. ನೀನು ಫೋನಿನಲ್ಲಿ "ಹೂ ಬಿಡ್ತಾ?" ಎಂದಾಗ ಮನೆಯೆಲ್ಲ ಘಮಘಮ ಎಂದೆನಲ್ಲ, ಆಗ ನನ್ನ ಕೈಯಲ್ಲಿ ಇದ್ದದ್ದು ಪೊರಕೆ. ಪಕ್ಕದ ಮನೆಯ ಟೀಚರಮ್ಮ ಗೋಡೆಯಾಚೆಯಿಂದ, "ಸಿಂಹಾಸನ ಜೋರಾಗಿದೆ, ರಾಣಿನೇ ಯಾಕೋ ಸೊರಗಿದ್ದಾಳೆ" ಎಂದು ಚುಚ್ಚಿದರು. ಚುಚ್ಚಿ ಸುಮ್ಮನಾಗದೆ ನರ್ಸರಿಯವನನ್ನೂ ಅವರೇ ಕರೆಸಿದರು, ಪುಣ್ಯಾತ್ಗಿತ್ತಿ.

ಅವನು ಮರವನ್ನು ನೋಡಲೇ ಇಲ್ಲ, ಕಟ್ಟೆ ನೋಡಿದ. "ಸ್ವಾಮಿ, ಇದರ ಬೇರು ಮೇಲ್ಮಣ್ಣಲ್ಲೇ ಉಸಿರಾಡೋದು. ನೀವು ಕತ್ತಿನ ತನಕ ಹೂತುಬಿಟ್ಟಿದ್ದೀರಿ." ತುಂಬಿದ ಮಣ್ಣನ್ನೆಲ್ಲ ಹಳೆಯ ನೆಲ ಕಾಣುವ ತನಕ ತೆಗೆಯಬೇಕಂತೆ. ಗುದ್ದಲಿ ತಾಗಿದರೆ ಮೆತ್ತನೆಯ ಬೇರು ತುಂಡಾಗುವುದರಿಂದ ಕೈಯಲ್ಲೇ ತೆಗೆಯಬೇಕಂತೆ. ಒಂದು ರೆಂಬೆಯನ್ನು ಉಗುರಿನಿಂದ ಕೆರೆದು, ಸಿಪ್ಪೆಯ ಕೆಳಗೆ ಇನ್ನೂ ಹಸಿರಿರುವುದನ್ನು ತೋರಿಸಿದ. "ತಿಂಗಳೊಳಗೆ ಚಿಗುರಿದರೆ ಉಳೀತು" ಎಂದ.

ಐದು ದಿನದಿಂದ ಮಂಡಿಯೂರಿ ಬೊಗಸೆ ಬೊಗಸೆಯಾಗಿ ಮಣ್ಣು ತೆಗೆಯುತ್ತಿದ್ದೇನೆ. ಆಳು ಕರೆಸಿದರೆ ನನ್ನ ಬೆನ್ನು ತಿರುಗಿದ ಕೂಡಲೇ ಗುದ್ದಲಿ ಹಾಕಿಯಾನೆಂಬ ಭಯ. ಹತ್ತು ಬಕೆಟ್ ಆಗುವಷ್ಟರಲ್ಲಿ ಕೈ ಮರಗಟ್ಟುತ್ತದೆ. ಮೆಟ್ಟಿಲ ಮೇಲೆ ಕೂತರೆ ಏಳಲು ಮನಸ್ಸೇ ಬರುವುದಿಲ್ಲ. ಇದೆಲ್ಲ ಬರೆದದ್ದು ಯಾಕೆಂದರೆ, ಹದಿನೈದಕ್ಕೆ ನೀನು ಹೊರಡುವುದು ಬೇಡ. ಅಕ್ಕನಿಗೂ ಆಸರೆಯಾಗುತ್ತದೆ, ಇನ್ನೊಂದು ತಿಂಗಳು ಇದ್ದು ಬಾ. ಚಿಗುರು ಕಂಡ ಮೇಲಾದರೆ ನಿನ್ನ ಮುಖ ನೋಡುವ ಧೈರ್ಯ ಬಂದೀತು.

ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ,
ಏನೂಂದ್ರೆ

ತಾ.ಕ.: ಕಾಗದ ಮಡಿಸಿಟ್ಟು ಮತ್ತೆ ಹೋಗಿ ಬಗ್ಗಿದವನಿಗೆ ಏಳಲಾಗಲಿಲ್ಲ. ಟೀಚರಮ್ಮ ಓಡಿಬಂದು ತೋಳು ಹಿಡಿದು ಎಬ್ಬಿಸಿದರು. ಗೋಡೆ ಕಡೆಯ ಅರ್ಧ ಮಣ್ಣು ಹಾಗೇ ಇದೆ. ಅದರೊಳಗೆ ಬಿಳಿ ಎಳೆಬೇರುಗಳು ಎದ್ದಿವೆ. ಯಾವುದನ್ನು ಬಿಡಬೇಕು, ಯಾವುದನ್ನು ತೆಗೆಯಬೇಕು, ನನಗೆ ತಿಳಿಯದು. ಮೇಲೆ ಬರೆದ ತಿಂಗಳ ಮಾತನ್ನು ಹೊಡೆದುಹಾಕು. ಹದಿನೈದರ ತನಕವೂ ಕಾಯಬೇಡ. ಅಕ್ಕನನ್ನು ಅವರ ಸೊಸೆಗೆ ಒಪ್ಪಿಸಿ, ಇದು ಕೈಸೇರಿದ ದಿನವೇ ಬಸ್ಸು ಹತ್ತು. ಬೈಯುವುದಿದ್ದರೆ ಮಣ್ಣು ತೆಗೆಯುತ್ತಾ ಬೈಯಬಹುದು.