ಸೇತುವೆ ಮುಟ್ಟಿದ ನೆರಳು

ಹಟಮಾರಿ ತಂಗಿಗೆ,

ಇಷ್ಟು ವರ್ಷದ ಮೇಲೆ ಅಕ್ಕನ ಕೈಬರಹ ನೋಡಿ ಹೌಹಾರಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಅಮ್ಮ ಹೋದಾಗ ಒಂದು ಸಾಲಿನ ತಂತಿ ಕಳಿಸಿದ್ದು ಬಿಟ್ಟರೆ ಇಪ್ಪತ್ತಾರು ವರ್ಷ ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಹರಿದು ಹಾಕುವ ಮೊದಲು ಪೂರ್ತಿ ಓದು, ಅಷ್ಟೇ ನಾನು ಕೇಳುವುದು.

ಶಾಲೆಗೆ ಹೊಸ ಮೇಷ್ಟ್ರು ಬಂದಿದ್ದಾರೆ. ಮಕ್ಕಳಿಗೆ ಲೋಕದ ಭೂಗೋಳವೆಲ್ಲ ಬಾಯಿಪಾಠ, ತಮ್ಮ ಊರಿನದೇ ಗೊತ್ತಿಲ್ಲ ಎಂಬುದು ಅವರ ಕೊರಗು. "ಅಕ್ಕ, ನಮ್ಮೂರಿನ ವಿಷ್ಯ ಒಂದೆರಡು ಪುಟ ಬರ್ದುಕೊಡಿ, ನೀವು ಹಳೇ ಜನ," ಎಂದು ನನ್ನ ಹೊಲಿಗೆ ಯಂತ್ರದ ಎದುರೇ ಬಂದು ಕೂತರು. ಹಳೇ ಜನ ಅಂದದ್ದಕ್ಕೆ ಸಿಟ್ಟು ಬಂದರೂ ಬರೆದೆ.

ನಮ್ಮದು ಎರಡು ಬೆಟ್ಟಗಳ ನಡುವಿನ ಕಣಿವೆ, ಮಧ್ಯೆ ಹಳ್ಳ. ಮೊದಲು ಊರು ಹಳ್ಳದ ಪಕ್ಕದ ಬಯಲಲ್ಲಿತ್ತು. ಮುತ್ತಜ್ಜನ ಕಾಲದ ಪ್ರವಾಹ ಅದನ್ನು ಗುಡಿಸಿಕೊಂಡು ಹೋದ ಮೇಲೆ ಜನ ಪಡುವಣ ಬೆಟ್ಟದ ಬುಡಕ್ಕೆ ಹತ್ತಿ ಮನೆ ಕಟ್ಟಿದರು. ಕೆಳಗೆ ಉಳಿದದ್ದು ನಮ್ಮ ಹಿಟ್ಟಿನ ಗಿರಣಿ ಒಂದೇ, ಅದಕ್ಕೇ ನಮ್ಮ ಮನೆತನಕ್ಕೆ ಅಷ್ಟು ಜಂಬ. ಸೇತುವೆಗೆ ಹಾಕಿದ್ದು ಆ ಬಿದ್ದ ಮನೆಗಳ ಕಲ್ಲನ್ನೇ. ನಾವು ಬೆರಳು ತೂರಿಸಿ ಆಡುತ್ತಿದ್ದ ಆ ತೂತು ನೆನಪಿದೆಯಾ? ಅದು ಯಾರದೋ ಬಾಗಿಲಿನ ಅಗುಳಿಯದು.

ಕೊನೆಗೆ ಬರೆದೆ: "ನಾಲ್ಕಕ್ಕೆ ಸರಿಯಾಗಿ ಬೆಟ್ಟದ ನೆರಳು ಸೇತುವೆ ಮುಟ್ಟುತ್ತದೆ." ನಮಗೆ ಅದೇ ಗಡಿಯಾರವಾಗಿತ್ತಲ್ಲ. ನೆರಳು ಮುಟ್ಟುತ್ತಿದ್ದಂತೆ ಶಾಲೆಯ ಗಂಟೆ ಹೊಡೆಯುತ್ತಿತ್ತು, ನಾವು ಕಿತ್ತೆದ್ದು ಓಡುತ್ತಿದ್ದೆವು.

ಮೇಷ್ಟ್ರು ಹಾಗೆಲ್ಲ ಒಪ್ಪುವ ಆಸಾಮಿಯಲ್ಲ. ರಜೆ ಶುರುವಾದ ಮೇಲೆ, ಮೊನ್ನೆಯ ಬೇಸಿಗೆ ಬಿಸಿಲಲ್ಲಿ ಕೈಗಡಿಯಾರ ಕಟ್ಟಿಕೊಂಡು ಸೇತುವೆಯ ಮೇಲೆ ಕೂತು ಬಂದರು. "ಅಕ್ಕ, ನಾಲ್ಕಕ್ಕೆ ಅಲ್ಲಿ ಬಿಸ್ಲು ಸುಡ್ತಿತ್ತು. ನೆರಳು ಬಂದಾಗ ಐದೂ ಇಪ್ಪತ್ತು. ನಿಮ್ಮದು ಚಳಿಗಾಲದ ಲೆಕ್ಕ." ನಾನು ಹೊಲಿಯುವುದು ನಿಲ್ಲಿಸಿದೆ. ಮಳೆಗಾಲದಲ್ಲಿ ಮೋಡ, ನೆರಳೇ ಬೀಳದು; ಬೇಸಿಗೆಯಲ್ಲಿ ಶಾಲೆಗೆ ರಜೆ, ಗಂಟೆ ಹೊಡೆಯುವವರಿಲ್ಲ. ಬೇಸಿಗೆಯ ನೆರಳನ್ನು ಗಂಟೆಯ ಜೊತೆ ಇಟ್ಟು ನೋಡಿದವರು ಊರಲ್ಲಿ ಒಬ್ಬರೂ ಇರಲಿಲ್ಲ.

ನೀನು ಹೊರಟದ್ದು ಬೇಸಿಗೆಯಲ್ಲಿ.

"ದಾದಿ ಕೆಲ್ಸಕ್ಕೆ ಸಮುದ್ರ ದಾಟೋಳು ಈ ಹೊಸ್ತಿಲು ದಾಟೋದು ಬೇಡ," ಎಂದಿದ್ದರು ಅಪ್ಪ. ಅದಕ್ಕೇ ನೀನು ಪಟ್ಟಣದಿಂದ ಚೀಟಿ ಕಳಿಸಿದ್ದೆ: ನಾಲ್ಕಕ್ಕೆ ಅಮ್ಮನನ್ನು ಸೇತುವೆಗೆ ಕರೆದುಕೊಂಡು ಬಾ, ಆಸ್ಪತ್ರೆಯ ವ್ಯಾನು ಅರ್ಧ ಗಂಟೆ ನಿಲ್ಲುತ್ತದೆ. ಮನೆಯಲ್ಲಿ ಆಗ ಗಡಿಯಾರ ಎಲ್ಲಿತ್ತು? ಅಮ್ಮ ಮೂರು ಸಲ ತಲೆ ಬಾಚಿಕೊಂಡು, ಕಿಟಕಿಯಲ್ಲಿ ನೆರಳು ನೋಡುತ್ತ ಕೂತಳು. ಅದು ಗಿರಣಿ ದಾಟಿದ್ದೇ ತಡ, ಅಪ್ಪನ ಕಣ್ಣು ತಪ್ಪಿಸಿ ಹೊರಟೆವು. ಮಂಡಿನೋವಿನಲ್ಲೂ ಅವಳು ನನಗಿಂತ ಮುಂದೆ. ನೆರಳೂ ನಾವೂ ಒಟ್ಟಿಗೇ ಸೇತುವೆ ಮುಟ್ಟಿದೆವು. ಅಲ್ಲಿ ಯಾರೂ ಇರಲಿಲ್ಲ.

ಅವಳ ಮಡಿಲಲ್ಲಿ ನಿನಗೆಂದು ಹೆಣೆದ ಸ್ವೆಟರ್ ಇತ್ತು. ತೋಳು ಎರಡು ಬೆರಳು ಉದ್ದ. "ಇನ್ನೂ ಬೆಳೀತಾಳೆ ಕಣೇ," ಅಂದಿದ್ದಳು, ಹತ್ತೊಂಬತ್ತು ತುಂಬಿದ ಕತ್ತೆಗೆ! ಮಬ್ಬುಗತ್ತಲಾಗುವವರೆಗೆ ಕೂತೇ ಇದ್ದಳು. ಏಳುವಾಗ, "ಅವಳಿಗೆ ಹೊತ್ತಾಗಿರ್ಬೇಕು, ಬೈಬೇಡ," ಎಂದಳು.

ನಾನು ಬೈದೆ. "ನಾಲ್ಕೂವರೆವರೆಗೆ ಕಾದೆ, ಯಾರೂ ಬರಲಿಲ್ಲ" ಎಂದು ನೀನು ಬರೆದಾಗ, "ಸುಳ್ಳು ಹೇಳಬೇಡ, ನಾವು ನಾಲ್ಕಕ್ಕೆ ಸರಿಯಾಗಿ ಬಂದಿದ್ದೆವು" ಎಂದು ಉತ್ತರ ಕೊಟ್ಟೆ. ಆಮೇಲೆ ಗೋಡೆಗೆ ಗಡಿಯಾರ ಬಂತು, ನೆರಳು ನೋಡುವುದನ್ನೇ ಬಿಟ್ಟೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ ನಿಜ. ಆದರೂ ನಾನು ದೊಡ್ಡವಳು, ನಿನ್ನ ಮಾತು ನಂಬಬೇಕಿತ್ತು. ನಂಬಲಿಲ್ಲ. ತಪ್ಪಾಯಿತು.

ಕಳಿಸಿಕೊಡಲು ಅಮ್ಮನೂ ಬರಲಿಲ್ಲ ಎಂದುಕೊಂಡೇ ಇಷ್ಟು ವರ್ಷ ಬದುಕಿದೆಯಲ್ಲ. ಬಂದಿದ್ದಳು ಪುಟ್ಟಿ. ಅಮ್ಮ ಬಂದಿದ್ದಳು.

ಒಮ್ಮೆ ಬಾ. ಎಷ್ಟು ಗಂಟೆಗೆ ಎಂದು ಬರೆಯಬೇಡ, ಯಾವ ದಿನ ಎಂದಷ್ಟೇ ಬರೆ. ಬೆಳಗಿನಿಂದಲೇ ಸ್ವೆಟರ್ ಹಿಡಿದುಕೊಂಡು ಸೇತುವೆಯ ಮೇಲೆ ಕೂತಿರುತ್ತೇನೆ.

ನಿನ್ನ ಕೈ ಮುಟ್ಟಿದವರೆಲ್ಲ ಗುಣವಾಗಲಿ, ನೀನು ತಣ್ಣಗಿರು.

ಕಾಯುತ್ತಿರುವ,
ನಿನ್ನ ಅಕ್ಕ