ಗೋಡೆ ದಾಟಿದ ಮರಿಗಳು

ಗುಡ್ಡವ್ವಕ್ಕಾ,

ನಮ್ಮ ಗಂಡಂದಿರಿಗೆ ಮನೆ ಪಾಲು ಮಾಡಿದಾಗ ಊರ ಹಿರಿಯರು ಹೇಂಟೆ ಕೋಳಿಯನ್ನು ನಿನ್ನ ಕಡೆಗೆ, ಅದರ ಮರಿಗಳನ್ನು ನನ್ನ ಕಡೆಗೆ ಹಾಕಿ, "ಸಮಾ ಆತು ನೋಡ್ರಿ" ಎಂದರು. ಎಂಥ ಶಾಣ್ಯಾರು! ಹಿತ್ತಲ ನಡುವೆ ಗೋಡೆ ಎದ್ದಿತು, ನಮ್ಮಿಬ್ಬರ ಮಾತೂ ನಿಂತಿತು.

ತಾಯಿಯಿಲ್ಲದ ಮರಿಗಳಿಗೆ ಅಡ್ಡ ಕಟ್ಟಿದ ಗಳ ಏರಿ ಮಲಗುವುದೇ ತಿಳಿಯಲಿಲ್ಲ. ದಿನಾ ಸಂಜೆ ಒಂದೊಂದನ್ನೇ ಎತ್ತಿ ಗಳದ ಮೇಲೆ ಕೂರಿಸುತ್ತೇನೆ. ನಾನು ತಿರುಗುವಷ್ಟರಲ್ಲಿ ಇಳಿದು ಮೂಲೆಯಲ್ಲಿ ಮುದ್ದೆಯಾಗಿರುತ್ತವೆ.

ಇವತ್ತು ದೀಪ ಹಚ್ಚುವ ಹೊತ್ತಿಗೆ ನಿನ್ನ ಹೇಂಟೆ ಗೋಡೆಯಾಚೆ ಕೂಗಿತು. ಮರಿಗಳೆಲ್ಲ ಕಟ್ಟಿಗೆ ಒಟ್ಟಿನ ಮೇಲೆ ಹತ್ತಿ ಆ ಕಡೆಗೆ ಹಾರಿದವು. "ಬರ್ರವಾ ಬರ್ರಿ, ಅವ್ವನ ಮಗ್ಗಲಾಗ ಕುಂದರ್ರಿ" ಎನ್ನುತ್ತ ನೀನು ಅವನ್ನು ಗಳಕ್ಕೆ ಏರಿಸುವುದು ಕೇಳಿಸಿತು. ನಾನು ಸೊಸೆಯಾಗಿ ಮೇಡ್ಲೇರಿಗೆ ಬಂದ ಹೊಸತರಲ್ಲಿ ನನ್ನನ್ನು ಉಣ್ಣಲು ಕರೆಯುತ್ತಿದ್ದದ್ದೂ ಇದೇ ದನಿ.

ಕುಂಟ ಮರಿಯೊಂದು ಹಾರಲಾರದೆ ನನ್ನ ಕಾಲ ಬಳಿ ಚೀರುತ್ತಿತ್ತು. ಎತ್ತಿ ಗೋಡೆಯ ಮೇಲೆ ಹಿಡಿದೆ. ಆಚೆಯಿಂದ ನಿನ್ನ ಕೈ ಬಂದು ಅದನ್ನು ತೆಗೆದುಕೊಂಡಿತು.

ಆಮೇಲೂ ನಾನು ಬರಿಗೈಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟಿದ್ದೆ.